ತಿರುಗದ ಬುಗುರಿ

ಒಂದು ಬುಗುರಿಯ ಭವಿಷ್ಯ ನಿರ್ಧರಿಸುವ ಗುರುತರ ಹೊಣೆ ಹೊತ್ತು ಆಟಿಕೆ ಕಂಪನಿಯ ಹಿರಿತಲೆಗಳೆಲ್ಲ ಸಭೆ ಸೇರಿದ್ದವು. ಜೊತೆಯಲ್ಲಿ ಕಂಪನಿ ಕಟ್ಟಿದ ಜಗಳಗಂಟ ಗೆಳೆಯ ತೀರಿಕೊಂಡ ಮೇಲೆ, ಯಜಮಾನರು ಮಾಡಿದ್ದನ್ನು ಚೆನ್ನಾಗಿಲ್ಲ ಅಂದವರೇ ಇರಲಿಲ್ಲ. ಹಾಗಾಗಿ ಇವತ್ತು ಬೇಕೆಂದೇ ಮೊಳೆಯನ್ನು ವಾರೆಯಾಗಿ ಹೊಡೆದು ತಂದಿದ್ದರು. ತಿರುಗಿಸಿ ಬಿಟ್ಟ ಬುಗುರಿ ದೊಪ್ಪನೆ ಬಿತ್ತು.

ಮಾರ್ಕೆಟಿಂಗಿನವರು ಚಪ್ಪಾಳೆ ತಟ್ಟಿದರು. “ಸೂಪರ್ ಸಾರ್! ತಿರುಗೋದನ್ನ ಎಲ್ರೂ ಮಾಡ್ತಾರೆ.”

“ಯಾರಾದ್ರೂ ಒಂಚೂರು ಬೈಯ್ರಪ್ಪ. ಅವನಿದ್ದಿದ್ರೆ ಇದನ್ನ ನನ್ನ ತಲೆಗೇ ಎಸೀತಿದ್ದ.”

ಎಲ್ಲರೂ ನಕ್ಕರು. ಹೊಸದಾಗಿ ಸೇರಿದ ವಿನ್ಯಾಸಕಿ ತಾನೂ ತಿರುಗಿಸಿ ನೋಡಿದಳು. “ಇದು ತಿರುಗಲ್ಲ ಸಾರ್.”

ಯಜಮಾನರ ಕಣ್ಣು ತುಂಬಿತು. “ಇನ್ನೊಂದ್ಸಲ ಹೇಳಮ್ಮ!”

ಅವಳು ಬೆವರಿದಳು. “ತಪ್ಪಾಯ್ತು ಸಾರ್. ನನಗೇ ತಿರುಗಿಸೋಕೆ ಬರಲಿಲ್ಲ.”

ಬುಗುರಿ ಸರ್ವಾನುಮತದಿಂದ ಅಂಗೀಕಾರವಾಯಿತು.