ಹೊಟ್ಟೆ ಸೀಳು

ತಾನು ಬರೆಯುವುದು ಆ ಕ್ಯಾಮೆರಾಗೆ ಕಾಣುತ್ತದೋ ಏನೋ ಎಂಬ ಅಳುಕಿನಲ್ಲೇ ಅವಳು ಡೈರಿಗೆ ಮೊಣಕೈ ಮರೆಮಾಡಿ ಬರೆದಳು: ‘ಇವತ್ತಾದರೂ ದೈರ್ಯ ಮಾಡಿ ಅಣ್ಣನಿಗೆ ಹೇಳಬೇಕು.’

ಕಳ್ಳರ ಭಯಕ್ಕೆಂದು ಅಣ್ಣ ಕಪಾಟಿನ ಮೇಲೆ ಕೂರಿಸಿದ್ದ ಕ್ಯಾಮೆರಾದಿಂದ, ಆಫೀಸಿನಲ್ಲಿ ಕೂತಿದ್ದ ಅವನದೇ ನಗು ಕೇಳಿಸಿತು. “ಲೇ ಪದವೀಧರೆ, ಧೈರ್ಯಕ್ಕೆ ಹೊಟ್ಟೆ ಸೀಳ್ಬೇಕು ಕಣೇ! ನಿಂಗ್ಯಾರೇ ಡಿಗ್ರಿ ಕೊಟ್ಟೋರು?”

“ಹೋಗ್ಲಿ ಬಿಡೇ,” ಎಂದರು ಅಡುಗೆಮನೆಯಿಂದ ಅಮ್ಮ. “ನಿನ್ನೆ ನಾನೆಷ್ಟು ಸಲ ಆಕಳಿಸಿದೆ ಅಂತಾನೂ ಲೆಕ್ಕ ಒಪ್ಪಿಸಿದ.”

ಅವಳು ‘ದ’ ಅಕ್ಷರದ ಹೊಟ್ಟೆ ಸೀಳಿದಳು. ಒತ್ತಿದ ರಭಸಕ್ಕೆ ಹಾಳೆಯೇ ಹರಿಯಿತು. ಎದ್ದುಹೋಗಿ ಕ್ಯಾಮೆರಾಗೆ ಮುಖಕೊಟ್ಟು ನಿಂತಳು.

“ಅಣ್ಣಾ, ಈ ಮನೆಗೆ ಇದುವರೆಗೂ ನುಗ್ಗಿರೋ ಕಳ್ಳ ನೀನೊಬ್ಬನೇ.”