ಒರೆಯದೇ ತಪ್ಪು

ಡೀಕನ್ ಸೊಂಟದ ಪಟ್ಟಿ ಬಿಚ್ಚಿ, ಅದಕ್ಕೆ ಸಿಕ್ಕಿಸಿದ್ದ ಪಿಸ್ತೂಲಿನ ಖಾಲಿ ಒರೆಗಳ ಸಮೇತ ವೆಲ್ಡಾಳ ಅಂಗಡಿಯ ಮೇಜಿನ ಮೇಲೆ ದೊಪ್ಪೆಂದು ಹಾಕಿದ. "ನೋಡು ನಿನ್ನ ಕೈಕೆಲಸ! ಬೆಳಬೆಳಿಗ್ಗೆ ಎಲ್ಲರ ಮುಂದೆ ನನ್ನ ಮಾನ ತೆಗೀತು."

ಸುದ್ದಿ ಆಗಲೇ ಮೈದಾನದ ತುಂಬ ಹರಡಿತ್ತು. ಪಿಸ್ತೂಲು ಒರೆಯಿಂದ ಹೊರಗೆ ಬಂದದ್ದೇ ತಡ, ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದೂ ಗುಂಡು ತುಂಬಿದ ಪಿಸ್ತೂಲು. ಹಾರಲಿಲ್ಲ, ಪುಣ್ಯ. ಗುರಿಯಿಟ್ಟು ಗುಂಡು ಹಾರಿಸುವ ಈ ಕೌಬಾಯ್ ಪಂದ್ಯದಲ್ಲಿ ಅಗಲ ಟೋಪಿ, ವೇಸ್ಟ್‌ಕೋಟು, ತಾವೇ ಇಟ್ಟುಕೊಂಡ ಅಡ್ಡಹೆಸರು ಎಲ್ಲ ಮೋಜಿಗೆ. ಆದರೆ ತುಂಬಿದ ಪಿಸ್ತೂಲು ಬೀಳಿಸಿದವನನ್ನು ಆ ಕ್ಷಣವೇ ಆಟದಿಂದ ಹೊರಗೆ ಹಾಕುತ್ತಾರೆ. ಡೀಕನ್‌ಗೆ ಈ ವರ್ಷ ಇದು ಎರಡನೇ ಸಲ. ಇವತ್ತು ಸಂಜೆ ಕ್ಲಬ್ಬಿನವರು ತೀರ್ಮಾನ ಮಾಡುವುದಿತ್ತು. ಒರೆ ಕೆಟ್ಟಿದ್ದರೆ ಹೊಸದು ಕಟ್ಟಿಕೊಂಡು ಬರಲಿ, ಕೈ ಕೆಟ್ಟಿದ್ದರೆ ಇನ್ನು ಬರುವುದೇ ಬೇಡ.

ವೆಲ್ಡಾ ಅವನ ಮಾತಿಗೆ ತಲೆ ಎತ್ತಲಿಲ್ಲ. ಪಂದ್ಯ ಶುರುವಾದಾಗಿನಿಂದ ಅರಿಝೋನಾದ ಈ ಸುಡುಬಿಸಿಲಲ್ಲಿ ಕೂತು ಅವಳಿಗೂ ಸಾಕುಸಾಕಾಗಿತ್ತು. ಬೆಲೆ ಕೇಳಿ ಮುಂದೆ ಹೋಗುವವರೇ ಎಲ್ಲ. ಈಗ ಕೊನೆಗೂ ಗ್ರೇಸಿಯೆಲಾ ಎಂಬ ಹೊಸ ಆಟಗಾರ್ತಿಯೊಬ್ಬಳು ಕೊಳ್ಳುವ ಮನಸ್ಸು ಮಾಡಿ, ಜೋಡಿ ಒರೆಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಒರೆ ಬಾಯಿ ಒತ್ತಿ ನೋಡಮ್ಮ," ಎಂದಳು ವೆಲ್ಡಾ ಅವಳಿಗೆ. "ಪಿಸ್ತೂಲು ತೆಗೆದ್ಮೇಲೂ ಅದು ಹಂಗೇ ತೆರೆದಿರ್ಬೇಕು. ಮುಚ್ಕೊಂಡ್ರೆ ವಾಪಸ್ ಹಾಕೋವಾಗ ಒದ್ದಾಡ್ತೀಯ. ಮೆತ್ತಗಿರೋ ಚರ್ಮ ಮುಟ್ಟೋಕಷ್ಟೇ ಚೆಂದ, ಒಂದ್ ಬೇಸಿಗೇಲಿ ಜೋತು ಬೀಳತ್ತೆ. ಒಳಗೂ ಚರ್ಮದ್ದೇ ಅಸ್ತರು ಇರ್ಬೇಕು. ಒಂದ್ನಿಮಿಷ ನೋಡ್ತಿರು, ಈ ಮುದುಕನ್ನ ವಿಚಾರಿಸ್ಕೊಂಡ್ ಬಿಡ್ತೀನಿ."

ಡೀಕನ್‌ನ ಹಳೆಯ ಒರೆಯನ್ನು ಎತ್ತಿ ತಿರುಗಿಸಿ ನೋಡಿದಳು. ಒಂದು ಹೊಲಿಗೆ ಬಿಟ್ಟಿರಲಿಲ್ಲ. ಅಳತೆಗೆಂದು ಇಟ್ಟುಕೊಂಡಿದ್ದ ಅಲ್ಯೂಮಿನಿಯಂನ ನಕಲಿ ಪಿಸ್ತೂಲನ್ನು ಅದಕ್ಕೆ ಹಾಕಿ, ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಬೀಳಲಿಲ್ಲ. ಎರಡು ಬೆರಳಲ್ಲಿ ಎಳೆದಳು. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಇಂಥದ್ದೊಂದು ಈಗ ಹೊಲಿ ಎಂದರೆ ತನ್ನಿಂದಲೂ ಆಗಲಿಕ್ಕಿಲ್ಲ ಅನ್ನಿಸಿತು ಅವಳಿಗೆ.

ಇರುವುದನ್ನು ಇದ್ದ ಹಾಗೆ ಹೇಳಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿದಳು. ಊರಿನಲ್ಲಿ ಅವನು ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತ ಒಬ್ಬ ಟ್ರಕ್ ಡ್ರೈವರ್, ಅಷ್ಟೇ. ಡೀಕನ್ ಎಂಬ ಅಡ್ಡಹೆಸರು ಹಿಡಿದು ಕೂಗಿ, ಬೆನ್ನಿಗೊಂದು ಗುದ್ದಿ, ಕಾಫಿ ಕೈಗಿಡುವವರು ಇರುವುದು ಇಲ್ಲಿ ಮಾತ್ರ. ವೆಲ್ಡಾ ಒರೆಯ ಬಾಯಿಯನ್ನು ಹೆಬ್ಬೆರಳಲ್ಲಿ ಸುಮ್ಮನೆ ಒತ್ತಿದಳು.

"ಬಾಯಿ ಸ್ವಲ್ಪ ಸಡಿಲ ಆದಂಗಿದೆ ಕಣೋ," ಎಂದಳು.

"ನಾನ್ ಬಡ್ಕೊಂಡಿದ್ದು ಅದನ್ನೇ ಅಲ್ವಾ!" ಅವನ ಮುಖ ಅರಳಿತು. "ಬೇರೆ ಕೊಡು."

ಅವಳು ಹೊಸದೊಂದನ್ನು ಅವನ ಸೊಂಟಕ್ಕೆ ಕಟ್ಟಿ, ಅಲ್ಯೂಮಿನಿಯಂ ಪಿಸ್ತೂಲು ಇಟ್ಟಳು. ಅವನು ಎಳೆದ. ಅರ್ಧ ಎತ್ತುವಷ್ಟರಲ್ಲಿ ಮಣಿಕಟ್ಟು ನಡುಗಿ, ಪಿಸ್ತೂಲು ಮಣ್ಣಿಗೆ ಬಿತ್ತು.

"ಇದೂ ಸರಿಯಿಲ್ಲ ಬಿಡು," ಅವನಿಗಿಂತ ಮೊದಲು ವೆಲ್ಡಾಳೇ ಅಂದಳು. ಇನ್ನೊಂದು ಕಟ್ಟಿದಳು. ಅದರಿಂದಲೂ ಬಿತ್ತು. "ಇದನ್ನ ಅವಸರದಲ್ಲಿ ಹೊಲ್ದಿದ್ದೆ. ಹಾಳು ಕೆಲಸ." ಕೊನೆಗೆ, ಜನ ನೋಡಲಿ ಎಂದು ಎದುರಿಗೆ ನೇತುಹಾಕಿದ್ದ, ಅಂಗಡಿಯಲ್ಲೇ ಎಲ್ಲಕ್ಕಿಂತ ಒಳ್ಳೆಯದನ್ನು ಇಳಿಸಿ ಕಟ್ಟಿದಳು. ಪಿಸ್ತೂಲು ಮತ್ತೆ ಅವನ ಬೂಟಿನ ಪಕ್ಕ ಬಿದ್ದಿತ್ತು.

"ಚರ್ಮದ್ದೇ ತಪ್ಪು ಡೀಕನ್. ಈ ಸಲ ಬಂದಿರೋ ಚರ್ಮವೇ ದರಿದ್ರ. ಕ್ಲಬ್ಬಿನವ್ರಿಗೆ ನಾನೇ ಹೇಳ್ತೀನಿ, ಬೆಳಿಗ್ಗೆ ಆಗಿದ್ದು ನನ್ನ ಒರೆಯಿಂದಾನೇ ಅಂತ."

ಗ್ರೇಸಿಯೆಲಾ ಕೈಯಲ್ಲಿದ್ದ ಜೋಡಿ ಒರೆಗಳನ್ನು ಸದ್ದಾಗದ ಹಾಗೆ ಮೇಜಿನ ಮೇಲೆ ಇಟ್ಟಳು. "ಮೇಡಂ, ನಾನು ಹಂಗೇ ಒಂದ್ ಸುತ್ತು ಹಾಕ್ಕೊಂಡ್ ಬರ್ತೀನಿ."

ಅಂಗಡಿ ಇಟ್ಟವರಿಗೆಲ್ಲ ಗೊತ್ತು, ಆ ಸುತ್ತು ಹೋದವರು ತಿರುಗಿ ಬರುವುದಿಲ್ಲ. "ಹೂಂ, ಹೋಗ್ಬಾರಮ್ಮ," ಎಂದ ವೆಲ್ಡಾ ಸೊಂಟ ಹಿಡಿದುಕೊಂಡು ಬಗ್ಗಿ ಪಿಸ್ತೂಲು ಎತ್ತಿಕೊಂಡಳು. ಎದ್ದು ನಿಲ್ಲಲು ಮೇಜನ್ನು ಹಿಡಿಯಬೇಕಾಯಿತು.

ಡೀಕನ್ ದೂರ ಹೋಗುತ್ತಿದ್ದ ಗ್ರೇಸಿಯೆಲಾಳನ್ನು ನೋಡಿದ. ಆಮೇಲೆ ವೆಲ್ಡಾಳನ್ನು ನೋಡಿದ. "ನಿನ್ನ ಮಾಲನ್ನ ನೀನೇ ಬೈದಿದ್ದು ಇವತ್ತೇ ಕೇಳಿದ್ದು ನಾನು," ಎಂದ, ಮೆಲ್ಲಗೆ.

"ವಯಸ್ಸಾಯ್ತಲ್ಲ ಮಾರಾಯ. ನನ್ ಕೈ ಮುಂಚಿನಂಗಿಲ್ಲ."

ಪಕ್ಕದ ಚಪ್ಪರದ ನೆರಳಲ್ಲಿ ಕ್ಲಬ್ಬಿನವರು ಕಾಫಿ ಕುಡಿಯುತ್ತ ಕೂತಿದ್ದರು. ಡೀಕನ್ ಅತ್ತ ಒಮ್ಮೆ ನೋಡಿದ, ಸೊಂಟದ ಹೊಸ ಒರೆಯನ್ನು ಬಿಚ್ಚಿ ಇದ್ದ ಜಾಗದಲ್ಲೇ ನೇತುಹಾಕಿದ.

"ಏ ತಾಯಿ, ನಿಂತ್ಕೋ!" ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದ. ಗ್ರೇಸಿಯೆಲಾ ನಿಂತಳು. ಚಪ್ಪರದಲ್ಲಿ ಕಾಫಿ ಕುಡಿಯುತ್ತಿದ್ದವರೂ ತಿರುಗಿ ನೋಡಿದರು. "ವಾಪಸ್ ಬಾ, ಧೈರ್ಯವಾಗಿ ತಗೋ! ಇವಳು ಸುಳ್ಳು ಹೇಳ್ತಿದಾಳೆ. ಒರೇಲಿ ಏನೂ ತಪ್ಪಿಲ್ಲ."

ನಡುಗುತ್ತಿದ್ದ ಬಲಗೈಯನ್ನು, ಎಲ್ಲರಿಗೂ ಕಾಣಲೆಂದು, ಟೋಪಿಗಿಂತ ಮೇಲಕ್ಕೆ ಎತ್ತಿ ಹಿಡಿದ.

"ಕೆಟ್ಟಿರೋದು ಇದು."