ಹತ್ತು ನಿಮಿಷದ ಹಗುರ

ಗೌರವ್ವನ ಮಗಳು ಸುವರ್ಣಾ ಮಾತು ಬಿಟ್ಟು ಐದು ತಿಂಗಳಾಗಿತ್ತು, ಈಗ ಊಟವನ್ನೂ ಬಿಡುತ್ತಿದ್ದಳು. ರೋಗಿಯ ದುಃಖವನ್ನು ತನ್ನೊಳಗೆ ಎಳೆದುಕೊಂಡು ಪೂರ್ತಿ ಹೊರಬಲ್ಲ ನರ್ಸು ಜಿಲ್ಲೆಗೆಲ್ಲ ಒಬ್ಬಳೇ. ಅವಳ ಬಳಿ ಸುವರ್ಣಾಳ ಸರದಿ ಬರಲು ಇನ್ನೂ ಎರಡು ವರ್ಷ ಬೇಕಿತ್ತು. ಅದಕ್ಕೇ ಹೆರಿಗೆ ವಾರ್ಡಿನ ನರ್ಸು ಗೌರವ್ವ ತಾನೇ ಆ ವಿದ್ಯೆ ಕಲಿಯಲು ಆನ್‌ಲೈನ್ ಸ್ನಾತಕೋತ್ತರ ಕೋರ್ಸು ಹುಡುಕುತ್ತಿದ್ದಳು. ಒಂದು ಮೂರು ವರ್ಷದ್ದು. ಇನ್ನೊಂದರಲ್ಲಿ ಬರೀ ವಿಡಿಯೊ ತೋರಿಸುತ್ತಿದ್ದರು. ಉಳಿದದ್ದು ಆರು ತಿಂಗಳದ್ದು, ಆದರೆ ಪ್ರವೇಶಕ್ಕೆ ಸ್ವಂತ ದುಃಖ ಹತ್ತರೊಳಗಿರಬೇಕಿತ್ತು. ದುಃಖ ಅಳೆಯುವ ಗೌರವ್ವನ ಮುಂಗೈಪಟ್ಟಿ ಎಪ್ಪತ್ತೊಂದು ತೋರಿಸುತ್ತಿತ್ತು.

“ನಿನ್ನ ದುಃಖ ಹತ್ತ ನಿಮಿಷ ನನಗ ಕೊಡಕ್ಕಾ,” ಎಂದಳು ಮನೆಗೆ ಬಂದಿದ್ದ ಅದೇ ವಾರ್ಡಿನ ನರ್ಸು ರೆಬೆಕ್ಕಾ. ತರಬೇತಿ ಇಲ್ಲದವರು ಅದಕ್ಕಿಂತ ಹೆಚ್ಚು ಹೊತ್ತು ಹೊರುವಂತಿರಲಿಲ್ಲ. ಕಷ್ಟದ ಡ್ಯೂಟಿ ಮುಗಿದಾಗ ನರ್ಸುಗಳೆಲ್ಲ ಮಾಡುವಂತೆ ಇಬ್ಬರೂ ಮುಂಗೈಗೆ ಮುಂಗೈ ಒತ್ತಿದರು.

ಗೌರವ್ವನ ಅಂಕಿ ನಾಲ್ಕಕ್ಕಿಳಿಯಿತು. ರೆಬೆಕ್ಕಾ ಕುರ್ಚಿಯಲ್ಲೇ ಮುದುಡಿ ಬಿಕ್ಕತೊಡಗಿದಳು. ಪರದೆಯ ಮೇಲೆ ಪ್ರವೇಶ ಅರ್ಜಿಯ ಕೊನೆಯ ಪ್ರಶ್ನೆ ಮೂಡಿತು: ‘ಈ ಕೋರ್ಸನ್ನೇ ಏಕೆ ಆರಿಸಿಕೊಂಡಿರಿ?’

ಗೌರವ್ವ ಬರೆಯಲು ಹೋಗಿ ಕೋಣೆಯ ಸುತ್ತ ಕಣ್ಣಾಡಿಸಿದಳು. ಮಂಚದ ಮೇಲೆ ಸುವರ್ಣಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದ ತಟ್ಟೆಯಲ್ಲಿ ನಿನ್ನೆಯ ರೊಟ್ಟಿ ಹಾಗೇ ಒಣಗಿತ್ತು. ರೊಟ್ಟಿ ದಂಡವಾಯಿತಲ್ಲ ಎಂದಷ್ಟೇ ಗೌರವ್ವನಿಗೆ ಅನಿಸಿತು.

“ಟೈಮ್ ಮುಗ್ಯಾಕತ್ತೈತಿ! ಮಗಳ ಸಲುವಾಗಿ ಅಂತ ಬರಿಯಕ್ಕಾ!” ರೆಬೆಕ್ಕಾ ಅಳುತ್ತಲೇ ಚೀರಿದಳು.

ಗೌರವ್ವ ನಿರಾಳವಾಗಿ ಅವಳತ್ತ ತಿರುಗಿದಳು.

“ಯಾಕ, ಆಕಿಗೇನಾಗೈತಿ?”